ಬಾಗಿಲು ತಟ್ಟುವ ಇರುಳು

ಅಮೆರಿಕದ ತಾಯಿತಂದೆಗಳು ತಮ್ಮ ಮಕ್ಕಳಿಗೆ ವರ್ಷವಿಡೀ ಎರಡು ಪಾಠಗಳನ್ನು ಹೇಳುತ್ತಿರುತ್ತಾರೆ. ಗುರುತಿಲ್ಲದವರ ಮನೆಯ ಬಾಗಿಲಿಗೆ ಹೋಗಬಾರದು; ಗುರುತಿಲ್ಲದವರು ಕೊಟ್ಟ ತಿಂಡಿಯನ್ನು ಮುಟ್ಟಬಾರದು. ವರ್ಷಕ್ಕೆ ಒಂದು ಸಂಜೆ ಮಾತ್ರ, ಅಕ್ಟೋಬರ್ 31ರಂದು, ಅದೇ ತಾಯಿತಂದೆಗಳು ಅದೇ ಮಕ್ಕಳ ಮುಖಕ್ಕೆ ಬಣ್ಣ ಬಳಿದು, ಕೈಗೊಂದು ಚೀಲ ಕೊಟ್ಟು, ಆ ಎರಡು ಪಾಠಗಳನ್ನೂ ಮರೆಯಿರೆಂದು ಬೀದಿಗೆ ಕಳುಹಿಸುತ್ತಾರೆ. ಇದು ಹ್ಯಾಲೊವೀನ್ ಹಬ್ಬ. ಇದರ ಇತಿಹಾಸವನ್ನು ನಾನು ಪುಸ್ತಕಗಳಿಂದ ತಿಳಿದುಕೊಂಡದ್ದು ಸ್ವಲ್ಪ, ಮನೆಯ ಹೊಸ್ತಿಲ ಮೇಲೆ ನಿಂತು ತಿಳಿದುಕೊಂಡದ್ದು ಸ್ವಲ್ಪ. ಎರಡನ್ನೂ ಸೇರಿಸಿ ಇಂದು ನಾಲ್ಕು ಮಾತು ಹೇಳುತ್ತೇನೆ.

1965ರಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಾಯಿಸಿ ಏಷ್ಯದವರಿಗೆ ಬಾಗಿಲು ತೆರೆಯಿತಷ್ಟೆ. ಆ ಬಾಗಿಲಿನಿಂದ ಒಳಹೊಕ್ಕ ಕನ್ನಡಿಗರಲ್ಲಿ ನಾನೂ ನನ್ನ ಮನೆಯವರೂ ಸೇರಿದ್ದೆವು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ ಸಂಸಾರ ಹೂಡಿದೆವು. ಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಸಂಜೆ ಕರೆಗಂಟೆಯ ಸದ್ದಾಯಿತು. ಬಾಗಿಲು ತೆಗೆಯಲು ಹೋದ ನನ್ನಾಕೆ ಅಷ್ಟೇ ವೇಗದಲ್ಲಿ ಹಿಂದಿರುಗಿ, “ಏನೂಂದ್ರೆ, ಸ್ವಲ್ಪ ಬನ್ನಿ. ಬಾಗಿಲಲ್ಲಿ ಹುಡುಗರು ನಿಂತಿದ್ದಾರೆ. ಒಂದು ದೆವ್ವ, ಒಂದು ಮಾಟಗಾತಿ. ಏನೋ ಕೇಳ್ತಾರೆ, ಕೊಡದಿದ್ರೆ ಏನೋ ಮಾಡ್ತೀವಿ ಅಂತಾರೆ” ಎಂದಳು. ಅವರು ಹೇಳಿದ ಮಾತು “ಟ್ರಿಕ್ ಆರ್ ಟ್ರೀಟ್.” ತಿನ್ನಲು ಕೊಡುವಿರೋ, ತಂಟೆ ಮಾಡೋಣವೋ ಎಂದು ಅದರ ಭಾವ. ದೀಪಾವಳಿ ಆಗತಾನೆ ಕಳೆದಿತ್ತು. ಡಬ್ಬಿಯ ತಳದಲ್ಲಿ ಕೊಬ್ಬರಿ ಮಿಠಾಯಿ ಉಳಿದಿತ್ತು. ಅದನ್ನೇ ಒಂದೊಂದು ತುಂಡು ಕೊಟ್ಟೆವು. ದೆವ್ವ ಅಲ್ಲೇ ತಿಂದು ನೋಡಿ, ಇನ್ನೊಂದು ತುಂಡು ಸಿಗಬಹುದೇ ಎಂದು ಕೇಳಿತು.

ಕೇಳಿದುದು ಭಿಕ್ಷೆಯೋ ಬೆದರಿಕೆಯೋ ಎಂದು ನಾವು ಅಂದು ಬಹಳ ಹೊತ್ತು ಚರ್ಚೆ ಮಾಡಿದೆವು. ಇತಿಹಾಸವನ್ನು ನೋಡಿದರೆ ಅದು ಎರಡೂ ಹೌದು ಎಂದು ತಿಳಿಯುತ್ತದೆ. ಒಂದು ಕವಲಿನಲ್ಲಿ ಭಿಕ್ಷೆ ಬಂದಿತು, ಇನ್ನೊಂದು ಕವಲಿನಲ್ಲಿ ತಂಟೆ ಬಂದಿತು. ಅವೆರಡೂ ಕೂಡಿದ್ದು ಬಹು ಈಚೆಗೆ, ಈ ನೂರು ವರ್ಷಗಳ ಒಳಗೆ.

ಈ ಹಬ್ಬದ ಮೂಲವನ್ನು ಹೇಳುವವರು ಸಾಮಾನ್ಯವಾಗಿ ಪ್ರಾಚೀನ ಕೆಲ್ಟರಿಂದ ಆರಂಭಿಸುತ್ತಾರೆ. ಐರ್ಲೆಂಡಿನಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಒಂದು ಹಬ್ಬವಿತ್ತು. ದನಗಳನ್ನು ಬೆಟ್ಟದ ಹುಲ್ಲುಗಾವಲಿನಿಂದ ಇಳಿಸಿ ತರುವ ಕಾಲ. ಈ ಲೋಕಕ್ಕೂ ಆಚೆಯ ಲೋಕಕ್ಕೂ ನಡುವಣ ತೆರೆ ತೆಳುವಾಗುತ್ತದೆಂಬ ನಂಬಿಕೆಯ ಕಾಲ. ಆ ಹಬ್ಬದ ಹೆಸರನ್ನು ಐರಿಷ್ ನುಡಿಯಲ್ಲಿ ಸುಮಾರಾಗಿ ‘ಸಾವಿನ್’ ಎಂದು ಉಚ್ಚರಿಸುತ್ತಾರೆ. ಕನ್ನಡಿಗರಾದ ನಮ್ಮ ಕಿವಿ ಥಟ್ಟನೆ ನೆಟ್ಟಗಾಗುತ್ತದೆ. ಆದರೆ ಶಬ್ದಸಾಮ್ಯವನ್ನು ನಂಬಿ ವ್ಯುತ್ಪತ್ತಿ ಹೇಳಹೊರಟವರು ಹಾಸ್ಯಾಸ್ಪದರಾಗುತ್ತಾರೆ. ಆ ಪದಕ್ಕೂ ನಮ್ಮ ಸಾವಿಗೂ ಸಂಬಂಧವಿಲ್ಲ. ಹಾಗೆಯೇ ಕೆಲ್ಟರ ಆ ಹಬ್ಬಕ್ಕೂ ಇಂದಿನ ಮಕ್ಕಳ ಮಿಠಾಯಿಯ ಚೀಲಕ್ಕೂ ಕಡಿಯದ ದಾರವೊಂದನ್ನು ಎಳೆದು ತೋರಿಸುವುದು ಸಾಧ್ಯವಿಲ್ಲ. ಆ ಹಬ್ಬವನ್ನು ಕುರಿತು ನಮಗೆ ಉಳಿದಿರುವ ಬರಹಗಳು ಕ್ರೈಸ್ತ ಮಠಗಳ ಕಾಲದವು. ಅದರಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುತ್ತಿದ್ದರೆನ್ನಲು ಆಧಾರವಿಲ್ಲ.

ಖಚಿತವಾಗಿ ಹೇಳಬಹುದಾದ ಕಥೆ ಆರಂಭವಾಗುವುದು ಚರ್ಚಿನ ಪಂಚಾಂಗದಿಂದ. ನವೆಂಬರ್ 1 ಸಕಲ ಸಂತರ ಹಬ್ಬ. ‘ಹ್ಯಾಲೊ’ ಎಂದರೆ ಸಂತ. ಆ ಹಬ್ಬದ ಹಿಂದಿನ ಸಂಜೆಯೇ ಹ್ಯಾಲೊವೀನ್. ಮರುದಿನ, ನವೆಂಬರ್ 2, ತೀರಿಕೊಂಡ ಸಕಲರ ಆತ್ಮಗಳ ದಿನ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ದಿನಗಳಂದು ಬಡವರು ಮನೆಮನೆಯ ಮುಂದೆ ನಿಲ್ಲುತ್ತಿದ್ದರು. ಮನೆಯವರು ‘ಆತ್ಮದ ರೊಟ್ಟಿ’ ಎಂದು ಕರೆಯುತ್ತಿದ್ದ ಸಣ್ಣ ಸಿಹಿರೊಟ್ಟಿಯನ್ನು ಕೊಡುತ್ತಿದ್ದರು. ಪಡೆದವರು ಆ ಮನೆಯಲ್ಲಿ ಸತ್ತವರ ಸದ್ಗತಿಗಾಗಿ ಪ್ರಾರ್ಥಿಸುತ್ತಿದ್ದರು. ಷೇಕ್ಸ್‌ಪಿಯರನ ‘ಟೂ ಜೆಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಈ ಹಬ್ಬದ ಭಿಕ್ಷುಕನ ಉಪಮೆ ಬರುತ್ತದೆ; ಪ್ರೇಕ್ಷಕರಿಗೆ ವಿವರಣೆ ಬೇಕಾಗದಷ್ಟು ಅದು ಪರಿಚಿತವಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದು. ಇದು ದಾನವಲ್ಲ, ವಿನಿಮಯ. ಬಾಗಿಲಲ್ಲಿ ನಿಂತವನ ಬಳಿ ಮನೆಯವರಿಗೆ ಬೇಕಾದ ಒಂದು ವಸ್ತು ಇತ್ತು. ಅದು ಅವನ ಪ್ರಾರ್ಥನೆ. ಸತ್ತವರು ನರಳುತ್ತಿರಬಹುದೆಂಬ ಭಯ ಮನೆಯೊಳಗಿತ್ತು. ಆ ಭಯವನ್ನು ಒಂದು ರೊಟ್ಟಿ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಪ್ರಾಟೆಸ್ಟೆಂಟ್ ಮತ ಬಂದ ಮೇಲೆ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಗೆ ಹಿಂದಿನ ಮರ್ಯಾದೆ ಉಳಿಯಲಿಲ್ಲ. ಆದರೂ ಆಚರಣೆ ಮೂಲೆಮೂಲೆಗಳಲ್ಲಿ ಉಳಿದುಕೊಂಡಿತು. ಸ್ಕಾಟ್ಲೆಂಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಮಕ್ಕಳು ಹಳೆಯ ಬಟ್ಟೆ ಸುತ್ತಿಕೊಂಡು, ಮುಖಕ್ಕೆ ಮಸಿ ಬಳಿದುಕೊಂಡು, ಟರ್ನಿಪ್ ಗೆಡ್ಡೆಯನ್ನು ಕೊರೆದು ಮಾಡಿದ ಲಾಂದ್ರ ಹಿಡಿದು ಹೋಗುತ್ತಿದ್ದರು. ಇದಕ್ಕೆ ಅಲ್ಲಿ ‘ಗೈಸಿಂಗ್’ ಎಂದು ಹೆಸರು. ವೇಷ ಹಾಕುವುದು ಎಂದರ್ಥ. ಮನೆಯೊಳಗೆ ಕರೆದ ಮೇಲೆ ಹಾಡನ್ನೋ ಪದ್ಯವನ್ನೋ ಒಪ್ಪಿಸಬೇಕು. ಆ ಮೇಲೆಯೇ ಸೇಬು, ಬೀಜ, ಬಿಡಿಕಾಸು. ಅದೂ ವಿನಿಮಯವೇ. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ‘ಹ್ಯಾಲೊವೀನ್’ ಎಂಬ ಹೆಸರಿನಲ್ಲೇ ಒಂದು ದೀರ್ಘ ಕವನ ರಚಿಸಿದ. ಅದರಲ್ಲಿ ಹಳ್ಳಿಯ ಯುವಕ ಯುವತಿಯರು ಬೀಜಗಳನ್ನು ಬೆಂಕಿಯಲ್ಲಿಟ್ಟು, ಕತ್ತಲಲ್ಲಿ ಕೋಸಿನ ಗಿಡ ಕಿತ್ತು, ತಮ್ಮನ್ನು ಮದುವೆಯಾಗುವವರು ಯಾರೆಂದು ಭವಿಷ್ಯ ನೋಡುತ್ತಾರೆ. ಅಂದರೆ ಆ ಕಾಲಕ್ಕೆ ಇದು ಮಕ್ಕಳ ಹಬ್ಬವೇ ಆಗಿರಲಿಲ್ಲ, ಹರೆಯದವರ ಹಬ್ಬವಾಗಿತ್ತು.

1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ಬಂದಿತು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಸ್ಕಾಟ್ಲೆಂಡಿನವರು ಅದಕ್ಕೂ ಮೊದಲಿನಿಂದ ಬರುತ್ತಿದ್ದರು. ಇವರ ಜೊತೆಯಲ್ಲಿ ಹಬ್ಬವೂ ಬಂದಿತು. ಹೊಸ ನೆಲದಲ್ಲಿ ಟರ್ನಿಪ್‌ಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಸಿಹಿಗುಂಬಳ ದೊರೆಯಿತು. ಇಂದು ಹ್ಯಾಲೊವೀನ್ ಎಂದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವ, ಹಲ್ಲು ಕಿರಿಯುವ ಕುಂಬಳದ ದೀಪ ಹುಟ್ಟಿದುದು ಹೀಗೆ. ಆದರೆ ಮನೆಮನೆಗೆ ಹೋಗಿ ಬೇಡುವ ಪದ್ಧತಿ ಅಮೆರಿಕದಲ್ಲಿ ಕೂಡಲೇ ಬೇರೂರಲಿಲ್ಲ. ಬೇರೂರಿದ್ದು ಆ ಹಬ್ಬದ ಇನ್ನೊಂದು ಅಂಗ, ತಂಟೆ.

ನಮ್ಮ ಬಲಗಡೆಯ ಮನೆಯಲ್ಲಿ ವೃದ್ಧ ದಂಪತಿಗಳಿದ್ದರು. ಕೊಬ್ಬರಿ ಮಿಠಾಯಿಯ ಆ ಸಂಜೆಯ ಅರ್ಥವನ್ನು ನಮಗೆ ಬಿಡಿಸಿ ಹೇಳಿದವರು ಅವರೇ. ಇಬ್ಬರೂ 1910ಕ್ಕೆ ಒಂದೆರಡು ವರ್ಷ ಹಿಂದೆಮುಂದೆ ಹುಟ್ಟಿದವರು. ತಾವು ಚಿಕ್ಕವರಾಗಿದ್ದಾಗ ‘ಟ್ರಿಕ್ ಆರ್ ಟ್ರೀಟ್’ ಎಂಬ ಮಾತನ್ನೇ ಕೇಳಿರಲಿಲ್ಲವೆಂದು ಅವರು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕದ ಮಕ್ಕಳು ಅನಾದಿಯಿಂದಲೂ ಹೀಗೆ ಬೇಡುತ್ತಿದ್ದರೆಂದೇ ನಾನು ಭಾವಿಸಿದ್ದೆ.

ಮುದುಕರು ಬೆಳೆದುದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಪ್ರದೇಶದಲ್ಲಿ. ಅಲ್ಲಿ ಮಕ್ಕಳು ವೇಷ ಹಾಕಿ ಬೇಡುತ್ತಿದ್ದುದು ನಿಜ, ಆದರೆ ಹ್ಯಾಲೊವೀನ್‌ನಲ್ಲಿ ಅಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗ್ಗೆ. ತಾಯಿಯ ಹರಕು ಲಂಗ, ತಂದೆಯ ಹಳೆಯ ಕೋಟು ತೊಟ್ಟು, ಮುಖಕ್ಕೆ ಸುಟ್ಟ ಬಿರಡೆಯ ಮಸಿ ಹಚ್ಚಿ, ದಾರಿಹೋಕರನ್ನು ಅಡ್ಡಗಟ್ಟಿ ಕಾಸು ಕೇಳುತ್ತಿದ್ದರಂತೆ. ಇವರನ್ನು ‘ರ‍್ಯಾಗಮಫಿನ್’ ಎನ್ನುತ್ತಿದ್ದರು, ಚಿಂದಿಬಟ್ಟೆಯವರು ಎಂದರ್ಥ. ಬೆಟ್ಟಿ ಸ್ಮಿತ್ ಅವರ ‘ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್’ (1943) ಕಾದಂಬರಿಯಲ್ಲಿ ಇದರ ಚಿತ್ರವಿದೆ. ಮಕ್ಕಳು ಬೀದಿಯಲ್ಲಿ ಕಾಸು ಬೇಡುವುದು ಅವಮಾನಕರವೆಂದು ಶಾಲೆಗಳೂ ಪತ್ರಿಕೆಗಳೂ ಆಕ್ಷೇಪಿಸುತ್ತ ಬಂದುದರಿಂದ 1930ರ ದಶಕದ ಹೊತ್ತಿಗೆ ಅದು ಕ್ಷೀಣಿಸಿತು.

ಮುದುಕಮ್ಮನದು ಹಳ್ಳಿಯ ಬಾಲ್ಯ. ಅವರ ಹ್ಯಾಲೊವೀನ್‌ನಲ್ಲಿ ಬೇಡುವುದಿರಲಿಲ್ಲ, ಬರಿಯ ತಂಟೆ. ಹುಡುಗರು ರಾತ್ರಿ ಹೊರಟು ತೋಟದ ಗೇಟುಗಳನ್ನು ಕಳಚಿ ಒಯ್ಯುವರು. ಹಿತ್ತಲ ಕಕ್ಕಸಿನ ಗೂಡನ್ನು ಉರುಳಿಸುವರು. ಗಾಡಿಯನ್ನು ಭಾಗಭಾಗವಾಗಿ ಬಿಚ್ಚಿ ಕೊಟ್ಟಿಗೆಯ ಮಾಡಿನ ಮೇಲೆ ಏರಿಸಿ ಜೋಡಿಸುವರು. ಮಾರನೆಯ ಬೆಳಗ್ಗೆ ಒಡೆಯ ಬೈಯುತ್ತ ಇಳಿಸಬೇಕು. ಬೈದರೂ ಯಾರ ಮಕ್ಕಳು ಮಾಡಿದ್ದೆಂದು ಅವನಿಗೆ ಗೊತ್ತು. ತಾನೂ ಹುಡುಗನಾಗಿದ್ದಾಗ ಅದನ್ನೇ ಮಾಡಿದ್ದ. ಇದನ್ನು ಕೇಳುತ್ತಿದ್ದಾಗ ನಮ್ಮೂರ ಕಾಮನ ಹಬ್ಬದಲ್ಲಿ ನಾವು ಕದ್ದ ಸೌದೆ ಬೆರಣಿಗಳು ನನ್ನ ನೆನಪಿಗೆ ಬಂದವು. ಕದ್ದವರ ಹೆಸರು ಊರಿಗೆಲ್ಲ ತಿಳಿದಿರುವ ಕಳ್ಳತನದಲ್ಲಿ ಒಂದು ಬಗೆಯ ಭದ್ರತೆ ಉಂಟು.

ಆದರೆ ಊರು ಬೆಳೆದು ನಗರವಾದಾಗ ಈ ಭದ್ರತೆ ಉಳಿಯಲಿಲ್ಲ. ಹಳ್ಳಿಯಲ್ಲಿ ಗೇಟು ಕಳಚಿದ ಹುಡುಗ ನಗರದಲ್ಲಿ ಕಾರಿನ ಟೈರು ಕೊಯ್ದ, ಬೀದಿದೀಪ ಒಡೆದ, ಅಂಗಡಿಯ ಗಾಜಿಗೆ ಸೋಪು ಬಳಿದ. ಯಾರ ಮಗನೆಂದು ಯಾರಿಗೂ ತಿಳಿಯದು. 1920 ಮತ್ತು 1930ರ ದಶಕಗಳಲ್ಲಿ, ಅದರಲ್ಲಿಯೂ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ, ಹ್ಯಾಲೊವೀನ್ ಎಂದರೆ ಪೊಲೀಸರಿಗೆ ತಲೆನೋವಿನ ರಾತ್ರಿಯಾಯಿತು. ಆಗ ಊರಿನ ಹಿರಿಯರು ಉಪಾಯಗಳನ್ನು ಹುಡುಕಿದರು. ಮಿನೆಸೋಟ ರಾಜ್ಯದ ಅನೋಕ ಎಂಬ ಊರಿನಲ್ಲಿ 1920ರಲ್ಲಿ ಹುಡುಗರ ಗಮನವನ್ನು ತಿರುಗಿಸಲೆಂದೇ ದೊಡ್ಡ ಮೆರವಣಿಗೆ ಏರ್ಪಡಿಸಿದರು. ಅಯೋವ ರಾಜ್ಯದ ಡಿ ಮಾಯ್ನ್ ನಗರದಲ್ಲಿ 1938ರಲ್ಲಿ ‘ಭಿಕ್ಷುಕರ ರಾತ್ರಿ’ಯನ್ನು ಆರಂಭಿಸಿದರು. ಅಲ್ಲಿ ಮಗು ಒಂದು ನಗೆಹನಿ ಹೇಳಿದ ಮೇಲೆಯೇ ಮಿಠಾಯಿ ಸಿಗುತ್ತದೆ; ಸ್ಕಾಟ್ಲೆಂಡಿನ ಹಳೆಯ ವಿನಿಮಯ ಅಲ್ಲಿ ಹೀಗೆ ಹೊಸ ರೂಪದಲ್ಲಿ ಬೆಳೆಯಿತು.

‘ಟ್ರಿಕ್ ಆರ್ ಟ್ರೀಟ್’ ಎಂಬ ಮಾತು ಹುಟ್ಟಿದುದು ಈ ಸಂದರ್ಭದಲ್ಲಿ. ಅದು ಮೊದಲು ಅಚ್ಚಾಗಿ ಕಾಣಿಸುವುದು ಕೆನಡದ ಪತ್ರಿಕೆಗಳಲ್ಲಿ, 1917ರಿಂದ ಈಚೆಗೆ. 1927ರಲ್ಲಿ ಆಲ್ಬರ್ಟ ಪ್ರಾಂತದ ಬ್ಲ್ಯಾಕಿ ಎಂಬ ಹಳ್ಳಿಯ ವರದಿಯೊಂದರಲ್ಲಿ ಹುಡುಗರು ಬಾಗಿಲಿಗೆ ಬಂದು ಈ ಮಾತು ಹೇಳಿದ ಪ್ರಸ್ತಾಪವಿದೆ. ಅಮೆರಿಕದಾದ್ಯಂತ ಓದುಗರಿದ್ದ ‘ಅಮೆರಿಕನ್ ಹೋಮ್’ ಎಂಬ ಮಾಸಪತ್ರಿಕೆಯಲ್ಲಿ 1939ರಲ್ಲಿ ಒಬ್ಬ ಗೃಹಿಣಿ ಲೇಖನ ಬರೆದು, ಕಿಟಕಿಗೆ ಸೋಪು ಬಳಿಯುವ ಹುಡುಗರನ್ನು ಬೈಯುವ ಬದಲು ಒಳಕ್ಕೆ ಕರೆದು ತಿಂಡಿ ಕೊಡಿ, ಕಿಟಕಿಗಳು ಉಳಿಯುತ್ತವೆ ಎಂದು ಸಲಹೆ ಕೊಟ್ಟರು. ಮಧ್ಯಯುಗದಲ್ಲಿ ಸತ್ತವರಿಗೆ ಹೆದರಿ ರೊಟ್ಟಿ ಕೊಟ್ಟಂತೆ ಇಲ್ಲಿ ಪಕ್ಕದ ಬೀದಿಯ ಹುಡುಗರಿಗೆ ಹೆದರಿ ಬಿಸ್ಕತ್ತು ಕೊಟ್ಟರು. ಲಂಚವೆಂದರೂ ಸರಿಯೇ. ಆದರೆ ಲಂಚದಲ್ಲಿ ಆರಂಭವಾದುದು ಅಲ್ಲಿಗೇ ನಿಲ್ಲಲಿಲ್ಲ. ಒಮ್ಮೆ ಒಳಕ್ಕೆ ಕರೆದು ತಿಂಡಿ ಕೊಟ್ಟ ಹುಡುಗನ ಮುಖ ಮರುದಿನ ಬೀದಿಯಲ್ಲಿ ಪರಿಚಿತ ಮುಖವಾಗಿಬಿಡುತ್ತದೆ.

ಎರಡನೆಯ ಮಹಾಯುದ್ಧದಲ್ಲಿ, 1942ರಿಂದ, ಅಮೆರಿಕದಲ್ಲಿ ಸಕ್ಕರೆಗೆ ಪಡಿತರ ಬಂದಿತು. 1947ರಲ್ಲಿ ಅದು ಮುಗಿಯಿತು. ಆ ವೇಳೆಗೆ ಯುದ್ಧದಿಂದ ಹಿಂದಿರುಗಿದ ಯೋಧರು ಮದುವೆಯಾಗಿ, ನಗರಗಳ ಅಂಚಿನಲ್ಲಿ ಸಾಲುಸಾಲಾಗಿ ಎದ್ದ ಹೊಸ ಬಡಾವಣೆಗಳಲ್ಲಿ ಮನೆ ಕೊಂಡು, ಮಕ್ಕಳನ್ನು ಹೆತ್ತಿದ್ದರು. ಒಂದೇ ಬಗೆಯ ಮನೆಗಳು, ಒಂದೇ ವಯಸ್ಸಿನ ಮಕ್ಕಳು, ನಡೆದು ಹೋಗಬಹುದಾದ ಬೀದಿಗಳು. ಬಾಗಿಲಿನಿಂದ ಬಾಗಿಲಿಗೆ ಹೋಗುವ ಆಟಕ್ಕೆ ಇದಕ್ಕಿಂತ ಅನುಕೂಲವಾದ ರಂಗಸ್ಥಳ ಇನ್ನೆಲ್ಲಿ? ಮಕ್ಕಳ ಮಾಸಪತ್ರಿಕೆಗಳು, ರೇಡಿಯೊ ನಾಟಕಗಳು, 1952ರಲ್ಲಿ ಬಂದ ಡಿಸ್ನಿಯ ಡೊನಾಲ್ಡ್ ಡಕ್ ಚಿತ್ರ, ಇವೆಲ್ಲ ಸೇರಿ ಒಂದು ಪ್ರದೇಶದ ಪದ್ಧತಿಯನ್ನು ದೇಶದ ಪದ್ಧತಿಯನ್ನಾಗಿ ಮಾಡಿದವು. 1950ರಲ್ಲಿ ಫಿಲಡೆಲ್ಫಿಯದ ಪಾದ್ರಿ ದಂಪತಿಗಳೊಬ್ಬರ ಪ್ರೇರಣೆಯಿಂದ ಮಕ್ಕಳು ಮಿಠಾಯಿಯ ಜೊತೆಗೆ ಬಿಡಿಕಾಸನ್ನೂ ಕೇಳಿ, ಹಾಲಿನ ರಟ್ಟಿನ ಪೆಟ್ಟಿಗೆಯಲ್ಲಿ 17 ಡಾಲರ್ ಕೂಡಿಹಾಕಿ, ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಕಳುಹಿಸಿದರು. ಅದೇ ಮುಂದೆ ದೇಶವ್ಯಾಪಿ ಕಾರ್ಯಕ್ರಮವಾಯಿತು. ಬೆದರಿಕೆಯ ಮಾತು ಬಾಯಲ್ಲಿ ಉಳಿಯಿತು. ಅದರ ಅರ್ಥ ಕರಗಿಹೋಯಿತು. ನನ್ನ ಮಕ್ಕಳು ಆ ಮಾತನ್ನು ನೂರಾರು ಸಲ ಹೇಳಿದ್ದಾರೆ. ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಅವರ ಬಳಿ ಉತ್ತರವಿರಲಿಲ್ಲ.

ನಮ್ಮ ಮಕ್ಕಳ ಬಾಲ್ಯ 1970ರ ದಶಕದ್ದು. ಆಗ ಚೀಲವನ್ನು ರಾತ್ರಿ ನೆಲದ ಮೇಲೆ ಬೋರಲು ಹಾಕಿದರೆ ಏನೇನು ಬೀಳುತ್ತಿತ್ತು! ಅಂಗಡಿಯ ಚಾಕೊಲೇಟು ಇದ್ದೇ ಇರುತ್ತಿತ್ತು. ಅದರ ಜೊತೆಗೆ ಹತ್ತಿರದ ತೋಟದ ಸೇಬು, ಪಾಕದಲ್ಲಿ ಉಂಡೆಗಟ್ಟಿದ ಜೋಳದ ಅರಳು, ಕಾಗದದಲ್ಲಿ ಸುತ್ತಿದ ಮನೆಯ ಬಿಸ್ಕತ್ತು, ಒಂದೆರಡು ತಾಮ್ರದ ಕಾಸು. ಯಾವುದು ಯಾರ ಮನೆಯದೆಂದು ಮಕ್ಕಳು ತಿಂದು ನೋಡಿಯೇ ಹೇಳುತ್ತಿದ್ದರು. ವೇಷವೂ ಅರ್ಧಕ್ಕರ್ಧ ಮನೆಯದೇ. ಹಳೆಯ ಹಾಸುಬಟ್ಟೆಗೆ ಎರಡು ತೂತು ಮಾಡಿದರೆ ದೆವ್ವ. ನನ್ನ ಮಗಳು ತಾಯಿಯ ಇಳಕಲ್ ಸೀರೆ ಸುತ್ತಿಕೊಂಡು ರಾಣಿಯಾದಳು. 1977ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರ ಬಂದ ಮೇಲೆ ಮಗ ಸೀರೆ ಪಂಚೆಗಳಿಗೆ ಒಪ್ಪಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ, ಹಿಂದೆ ರಬ್ಬರ್ ದಾರವಿದ್ದ ಪ್ಲಾಸ್ಟಿಕ್ ಮುಖವಾಡವೇ ಬೇಕೆಂದು ಹಟ ಹಿಡಿದ. ನಮ್ಮ ಮನೆಯ ಕೊಡುಗೆ ಮಾತ್ರ ಬದಲಾಗಲಿಲ್ಲ. ಅಕ್ಟೋಬರ್ ಕೊನೆಯ ವಾರ ನನ್ನಾಕೆ ಕೊಬ್ಬರಿ ತುರಿದು ಪಾಕ ಹಿಡಿದು ಮಿಠಾಯಿ ಮಾಡುವಳು. ಬೀದಿಯ ಮಕ್ಕಳು ನಮ್ಮ ಮನೆಗೆ ಮೊದಲು ಬರುವರು; ತಡವಾದರೆ ಮುಗಿದುಹೋಗುತ್ತದೆಂಬ ಭಯ ಅವರಿಗೆ.

ಇಷ್ಟರಲ್ಲಿ ಇನ್ನೊಂದು ಭಯ ನಿಧಾನವಾಗಿ ಬೆಳೆಯುತ್ತಿತ್ತು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಗೃಹಿಣಿಯೊಬ್ಬಳು, ಬೇಡುವ ವಯಸ್ಸು ಮೀರಿದ ಹುಡುಗರು ಬಂದರೆಂದು ಸಿಟ್ಟಾಗಿ, ತಮಾಷೆ ಎಂದುಕೊಂಡು ಅವರ ಚೀಲಕ್ಕೆ ನಾಯಿಯ ಬಿಸ್ಕತ್ತು, ಪಾತ್ರೆ ಉಜ್ಜುವ ಉಕ್ಕಿನ ನಾರು, ಇರುವೆಯ ಪಾಷಾಣದ ಗುಂಡಿಗಳನ್ನು ಹಾಕಿದಳು. ಯಾರಿಗೂ ಅಪಾಯವಾಗಲಿಲ್ಲ, ಆದರೆ ಸುದ್ದಿ ದೇಶವೆಲ್ಲ ಹರಡಿತು. ಸೇಬಿನೊಳಗೆ ಬ್ಲೇಡು ಇರುತ್ತದಂತೆ ಎಂಬ ಮಾತು ಪ್ರತಿವರ್ಷ ಹುಟ್ಟುತ್ತಿತ್ತು. 1970ರಲ್ಲಿ ಡೆಟ್ರಾಯಿಟ್‌ನಲ್ಲಿ ಒಂದು ಮಗು ಮಾದಕದ್ರವ್ಯದಿಂದ ಸತ್ತಾಗ ಮಿಠಾಯಿಯಲ್ಲಿ ವಿಷವಿತ್ತೆಂದರು. ಮಗುವಿಗೆ ಅದು ಸಿಕ್ಕಿದುದು ನೆಂಟರ ಮನೆಯಲ್ಲಿ ಎಂದು ಆಮೇಲೆ ತಿಳಿಯಿತು. 1974ರಲ್ಲಿ ಟೆಕ್ಸಾಸ್‌ನ ಡಿಯರ್ ಪಾರ್ಕ್ ಎಂಬಲ್ಲಿ ಎಂಟು ವರ್ಷದ ಬಾಲಕ ಹ್ಯಾಲೊವೀನ್ ಮಿಠಾಯಿ ತಿಂದು ಸತ್ತ. ಅದರಲ್ಲಿ ಸಯನೈಡ್ ಇತ್ತು. ಇಟ್ಟವನು ಅಪರಿಚಿತನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಅವನ ತಂದೆ. ಅವನಿಗೆ 1984ರಲ್ಲಿ ಮರಣದಂಡನೆಯಾಯಿತು. 1982ರ ಶರತ್ಕಾಲದಲ್ಲಿ ಷಿಕಾಗೊ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವಿನ ಗುಳಿಗೆಗಳಲ್ಲಿ ಸಯನೈಡ್ ಬೆರೆಸಿದರು. 7 ಮಂದಿ ಸತ್ತರು. ಕೊಲೆಗಾರ ಪತ್ತೆಯಾಗಲಿಲ್ಲ. ಅದಾದ ಒಂದೇ ತಿಂಗಳಿಗೆ ಹ್ಯಾಲೊವೀನ್.

ಆ ವರ್ಷವೂ ನನ್ನಾಕೆ ಮಿಠಾಯಿ ಮಾಡಿದ್ದಳು. ಬಂದ ಮಕ್ಕಳು ಕಡಿಮೆ. ಬಂದವರ ಹಿಂದೆ ತಾಯಂದಿರಿದ್ದರು. ಎದುರು ಸಾಲಿನ ಒಬ್ಬಾಕೆ, ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಕಾಫಿ ಕುಡಿದವಳು, ಮಗಳ ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ತೆಗೆದು ತಟ್ಟೆಗೆ ಹಿಂದಿರುಗಿಸಿ, “ದಯವಿಟ್ಟು ತಪ್ಪು ತಿಳಿಯಬೇಡಿ, ಈ ವರ್ಷ ಅಂಗಡಿಯ ಪೊಟ್ಟಣ ಮಾತ್ರ ಎಂದು ಶಾಲೆಯಿಂದ ಚೀಟಿ ಬಂದಿದೆ” ಎಂದಳು. ಅವಳ ಮುಖ ಕೆಂಪಾಗಿತ್ತು. ಅವಳದು ತಪ್ಪೆಂದು ನಾನು ಆಗಲೂ ಭಾವಿಸಲಿಲ್ಲ, ಈಗಲೂ ಭಾವಿಸುವುದಿಲ್ಲ. ನಮ್ಮ ಮಕ್ಕಳ ಚೀಲದಲ್ಲಿದ್ದ ಸೇಬುಗಳನ್ನು ಅದೇ ರಾತ್ರಿ ನಾವೂ ಕಸದ ಬುಟ್ಟಿಗೆ ಹಾಕಿದೆವು. ಬಲಗಡೆಯ ಮನೆಯ ಮುದುಕಮ್ಮ ಮಾಡಿ ಕೊಟ್ಟ ಜೋಳದ ಅರಳಿನ ಉಂಡೆಯನ್ನೂ ಹಾಕಿದೆವು. ಅದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಮಾರನೆಯ ವರ್ಷದಿಂದ ನಮ್ಮ ಬಾಗಿಲಲ್ಲಿಯೂ ಅಂಗಡಿಯ ಬೆರಳುದ್ದದ ಚಾಕೊಲೇಟು ಬಂದು ಕುಳಿತಿತು.

ಆ ದಿನಗಳಲ್ಲಿ ಅನೇಕ ಊರುಗಳ ಆಸ್ಪತ್ರೆಗಳು ಮಕ್ಕಳ ಮಿಠಾಯಿಯನ್ನು ಎಕ್ಸ್‌ರೇ ತೆಗೆದು ಪರೀಕ್ಷಿಸಿಕೊಡುತ್ತಿದ್ದವು. ಚೀಲ ಹಿಡಿದ ಮಕ್ಕಳು ಬಾಗಿಲುಗಳನ್ನು ಬಿಟ್ಟು ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಈ ಭಯಕ್ಕೆ ಆಧಾರವೆಷ್ಟೆಂದು ಜೋಯಲ್ ಬೆಸ್ಟ್, ಜೆರಾಲ್ಡ್ ಹೋರಿಯುಚಿ ಎಂಬ ಸಮಾಜಶಾಸ್ತ್ರಜ್ಞರು ಶೋಧಿಸಿದರು. 1958ರಿಂದ ಮುಂದಿನ ಸುಮಾರು ಕಾಲು ಶತಮಾನದ ಪತ್ರಿಕೆಗಳನ್ನು ಜಾಲಾಡಿ 1985ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಬಾಗಿಲಿಗೆ ಬಂದ ಮಗುವಿಗೆ ಅಪರಿಚಿತನೊಬ್ಬ ವಿಷವಿಟ್ಟು ಕೊಂದ ಒಂದೇ ಒಂದು ನಿದರ್ಶನವೂ ಅವರಿಗೆ ಸಿಗಲಿಲ್ಲ. ವರದಿಯಾದ ಎಷ್ಟೋ ಪ್ರಕರಣಗಳು ಮಕ್ಕಳೇ ಮಾಡಿದ ಕುಚೇಷ್ಟೆಗಳಾಗಿದ್ದವು. ಬೆಸ್ಟ್ ಆ ಮೇಲೂ ದಶಕಗಳ ಕಾಲ ಈ ಲೆಕ್ಕವನ್ನು ಮುಂದುವರಿಸಿದರು, ತೀರ್ಮಾನ ಬದಲಾಗಲಿಲ್ಲ.

ಹಾಗಾದರೆ ಆ ರಾತ್ರಿ ಅಪಾಯವೇ ಇರಲಿಲ್ಲವೆ? ಇತ್ತು, ಈಗಲೂ ಇದೆ; ಆದರೆ ನಾವು ನೋಡುತ್ತಿದ್ದ ದಿಕ್ಕಿನಲ್ಲಿ ಅಲ್ಲ. 1975ರಿಂದ 2016ರವರೆಗಿನ 42 ವರ್ಷಗಳ ರಸ್ತೆ ಅಪಘಾತಗಳನ್ನು ಪರಿಶೀಲಿಸಿದ ವೈದ್ಯಕೀಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹ್ಯಾಲೊವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಅದರ ಹಿಂದಿನ ಹಾಗೂ ಮುಂದಿನ ವಾರಗಳ ಅದೇ ಸಂಜೆಗಿಂತ ಶೇಕಡ 43ರಷ್ಟು ಹೆಚ್ಚೆಂದು ಅದು ತೋರಿಸಿತು. ಸೇಬನ್ನು ಸೀಳಿ ನೋಡುತ್ತಿದ್ದ ನಾವು ಬೀದಿಯಲ್ಲಿ ಓಡುತ್ತಿದ್ದ ಕಾರನ್ನು ನೋಡಲಿಲ್ಲ. ಮನುಷ್ಯ ತನಗೆ ಅಭ್ಯಾಸವಾದ ಅಪಾಯಕ್ಕೆ ಹೆದರುವುದಿಲ್ಲ. ಪಕ್ಕದ ಮನೆಯವನಿಗೆ ಹೆದರುತ್ತಾನೆ.

ಅನಂತರದ ಬದಲಾವಣೆಗಳನ್ನು ಬೇಗ ಹೇಳಿಬಿಡಬಹುದು. ಮಕ್ಕಳು ದೊಡ್ಡ ಅಂಗಡಿಸಂಕೀರ್ಣಗಳಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಬೇಡತೊಡಗಿದರು. 1990ರ ದಶಕದಿಂದೀಚೆಗೆ ಚರ್ಚುಗಳ, ಶಾಲೆಗಳ ಆವರಣದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಹಿಂಬದಿಯ ಡಿಕ್ಕಿಯನ್ನು ಅಲಂಕರಿಸಿ, ಅಲ್ಲಿಂದಲೇ ಮಿಠಾಯಿ ಹಂಚುವ ಪದ್ಧತಿ ಹರಡಿತು. ಅಲ್ಲಿ ತಟ್ಟಲು ಬಾಗಿಲೇ ಇಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಅವಧಿಯನ್ನು 2007ರಿಂದ ನವೆಂಬರ್ ಮೊದಲ ಭಾನುವಾರದವರೆಗೆ ವಿಸ್ತರಿಸಿದ್ದರಿಂದ ಅಕ್ಟೋಬರ್ 31ರ ಸಂಜೆಗೆ ಒಂದು ಗಂಟೆಯ ಬೆಳಕು ಕೂಡಿಕೊಂಡಿತು. ಮಿಠಾಯಿ ತಯಾರಕರು ಇದನ್ನು ಬಹುಕಾಲದಿಂದ ಬಯಸಿದ್ದರು. 2014ರಿಂದ ಕೆಲವು ಮನೆಗಳ ಮುಂದೆ ನೀಲಿಹಸುರು ಬಣ್ಣದ ಕುಂಬಳ ಕಾಣತೊಡಗಿತು. ಕಡಲೆಬೀಜ, ಹಾಲು ಮೊದಲಾದವು ಒಗ್ಗದ ಮಕ್ಕಳಿಗೆ ಇಲ್ಲಿ ತಿಂಡಿಯ ಬದಲು ಆಟಿಕೆ ಸಿಗುತ್ತದೆಂಬುದಕ್ಕೆ ಅದು ಗುರುತು. ಇದು ಬರಿಯ ಭಯವಲ್ಲ, ವಿವೇಕ. ಹಳೆಯ ಕಾಲದಲ್ಲಿ ಅಂಥ ಮಗು ಸುಮ್ಮನೆ ಮನೆಯಲ್ಲಿ ಕೂತಿರುತ್ತಿತ್ತು. ಹಬ್ಬದ ವ್ಯಾಪಾರವಂತೂ ಬೆಟ್ಟವಾಗಿ ಬೆಳೆಯಿತು. 2023ರಲ್ಲಿ ಅಮೆರಿಕದವರು ಈ ಹಬ್ಬಕ್ಕಾಗಿ ಮಾಡುವ ವೆಚ್ಚ 1,220 ಕೋಟಿ ಡಾಲರ್ ಎಂದು ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತು. ಅದರಲ್ಲಿ ಸಾಕುನಾಯಿಗಳ ವೇಷದ ವೆಚ್ಚವೂ ಸೇರಿದೆ.

2020ರಲ್ಲಿ ಕೊರೊನಾ ಬಂದಿತು. ಬಾಗಿಲಿನಿಂದ ಬಾಗಿಲಿಗೆ ಹೋಗುವ ರೂಢಿಯನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ಹೆಚ್ಚಿನ ಅಪಾಯದ ಪಟ್ಟಿಗೆ ಸೇರಿಸಿತು. ಆಗ ಜನ ಮಾಡಿದ ಉಪಾಯ ನನ್ನ ಮನಸ್ಸನ್ನು ಮುಟ್ಟಿತು. ಆರಡಿ ದೂರದಿಂದ ಮಿಠಾಯಿ ಜಾರಿಬೀಳುವಂತೆ ಮೆಟ್ಟಿಲ ಕಟಕಟೆಗೆ ಉದ್ದನೆಯ ಕೊಳವೆ ಕಟ್ಟಿದರು. ನನ್ನ ಮೊಮ್ಮಗನೂ ನಾನೂ ಸೇರಿ ಕಟ್ಟಿದೆವು. ಮೇಲ್ತುದಿಯಲ್ಲಿ ಎಪ್ಪತ್ತೇಳರ ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ. ಕೆಳತುದಿಯಲ್ಲಿ ದೆವ್ವವೊಂದು ಚೀಲ ಒಡ್ಡಿ ನಿಂತಿತ್ತು. ಇಬ್ಬರಿಗೂ ಮುಖವಾಡವಿತ್ತು. ಚಾಕೊಲೇಟು ಗಡಗಡನೆ ಉರುಳಿ ಚೀಲಕ್ಕೆ ಬಿದ್ದಾಗ ಆ ಮಗು ನಕ್ಕ ನಗು ಮಾತ್ರ 1971ರದೇ.

ಹಿಂದಿರುಗಿ ನೋಡಿದರೆ ಈ ಹಬ್ಬದ ಇತಿಹಾಸ ಜನರು ಹೆದರಿದ ವಸ್ತುಗಳ ಇತಿಹಾಸವೂ ಹೌದೆಂದು ತೋರುತ್ತದೆ. ಒಂದು ಕಾಲದವರು ಸತ್ತವರಿಗೆ ಹೆದರಿದರು; ಒಂದು ಕಾಲದವರು ತುಂಟ ಹುಡುಗರಿಗೆ; ನನ್ನ ಕಾಲದವರು ನೆರೆಯವರಿಗೆ. ಮೊದಲಿನ ಎರಡು ಭಯಗಳಿಗೆ ಜನ ಕೊಟ್ಟ ಉತ್ತರ ಒಂದೇ: ಬಾಗಿಲು ತೆರೆದು ಕೈಯಾರ ಮಾಡಿದ್ದನ್ನು ಕೊಟ್ಟರು. ಮೂರನೆಯ ಭಯಕ್ಕೆ ಮಾತ್ರ ಆ ಉತ್ತರ ಸಾಲದಾಯಿತು. ಏಕೆಂದರೆ ಕೈಯಾರ ಮಾಡಿದ ವಸ್ತುವೇ ಶಂಕೆಗೆ ಗುರಿಯಾಗಿತ್ತು. ಮಕ್ಕಳಿಗೆ ಇಂದು ಸಿಗುವ ಮಿಠಾಯಿ ಕಡಿಮೆಯಲ್ಲ, ಹಿಂದಿಗಿಂತ ಹೆಚ್ಚು. ಬೀದಿಯ ಈ ತುದಿಯಿಂದ ಆ ತುದಿಗೆ ಹೋದರೂ ಎಲ್ಲ ಮನೆಯಲ್ಲಿಯೂ ಸಿಗುವುದು ಅವೇ ನಾಲ್ಕು ಕಂಪನಿಗಳ ಪೊಟ್ಟಣ. ಯಾವ ಮನೆಯದು ಯಾವುದೆಂದು ಗುರುತಿಸಲು ಮಗುವಿಗೆ ಕಾರಣವಿಲ್ಲ. ಹೋದದ್ದು ಅದು. ನಾವು ಅದನ್ನು ಕಳೆದುಕೊಂಡುದು ಯಾರೋ ವಿಷವಿಟ್ಟುದರಿಂದ ಅಲ್ಲ, ಇಟ್ಟಿರಬಹುದೆಂದು ನಾವು ನಂಬಿದುದರಿಂದ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಯಾರೂ ಬರೆದಿಡದ ಒಂದು ನಿಯಮ ಅಲ್ಲಿ ಇನ್ನೂ ನಡೆಯುತ್ತಿದೆ. ಮನೆಯ ಮುಂದಿನ ದೀಪ ಉರಿಯುತ್ತಿದ್ದರೆ ಬರಬಹುದು. ಆರಿದ್ದರೆ ಮುಂದಕ್ಕೆ ಹೋಗಬೇಕು. ಬಲಗಡೆಯ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅವರಿಗೆ ಎರಡು ಸಣ್ಣ ಮಕ್ಕಳು. ಕಳೆದ ಹ್ಯಾಲೊವೀನ್‌ಗೆ ಎರಡು ದಿನ ಮೊದಲು ನನ್ನಾಕೆ ಆ ತಾಯಿಯನ್ನು ಕರೆದು, ನಿಮ್ಮ ಮಕ್ಕಳಿಗೆ ಒಗ್ಗದ ಪದಾರ್ಥ ಏನಾದರೂ ಉಂಟೇ ಎಂದು ಕೇಳಿ, ಅವಳನ್ನು ಅಡುಗೆಮನೆಯಲ್ಲೇ ಕೂಡಿಸಿಕೊಂಡು ಕೊಬ್ಬರಿ ತುರಿದಳು. ಎಲ್ಲ ಮಕ್ಕಳಿಗೂ ಅಂಗಡಿಯ ಪೊಟ್ಟಣ. ಆ ಇಬ್ಬರಿಗೆ ಮಾತ್ರ ಅದರ ಜೊತೆಗೆ ಒಂದೊಂದು ತುಂಡು. ಚಿಕ್ಕವನು ಅಲ್ಲೇ ತಿಂದು, ಇನ್ನೊಂದು ಕೇಳಿದ.